ಮೈಕೇಲ್ ಫ್ಯಾರಡೆಯ ಜೀವನ ಚರಿತ್ರೆ

ವರದಾ ನದಿಯು ತುಂಗಭದ್ರೆಯನ್ನು ಬಂದು ಕೂಡುವ ಗಳಗನಾಥ ಕ್ಷೇತ್ರವು ನಮ್ಮ ಹಾವೇರಿ ಸೀಮೆಯವರಿಗೆಲ್ಲ ಪರಿಚಿತವಾದದ್ದೇ. ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯದಿಂದಲೂ, ಆ ಊರ ಹೆಸರನ್ನೇ ಕಾವ್ಯನಾಮವಾಗಿ ಧರಿಸಿ ಕನ್ನಡಿಗರಿಗೆ ಓದುವ ರುಚಿಯನ್ನು ಹಚ್ಚಿದ ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿಯವರಿಂದಲೂ ಅದು ಹೆಸರುವಾಸಿಯಾಗಿರುವದು. ಇಂದು ಅಂಥ ಹೊಳೆದಂಡೆಯ ಹೊಲಗಳಿಗೆ ನೀರೆತ್ತುವ ಪಂಪ್‌ಸೆಟ್ಟುಗಳ ಪೆಟ್ಟಿಗೆಗಳಲ್ಲಿ ಅನೇಕ ಕಡೆ ಸ್ಟಾರ್ಟರಿನ ಬಳಿಯಲ್ಲಿ ಸಣ್ಣ ಡಬ್ಬಿಯಂಥ ಒಂದು ಸಾಮಾನು ಕಾಣುವದು. ನಮ್ಮ ಮನೆಗಳ ಬೀಸಣಿಗೆಯ ಯಂತ್ರದಲ್ಲಿಯೂ ಅದರ ತಮ್ಮನೊಬ್ಬನು ಅಡಗಿ ಕುಳಿತಿರುವನು. ರಿಪೇರಿ ಮಾಡುವವರು ಅದನ್ನು ಕಂಡೆನ್ಸರ್ ಎಂದೂ ಪಠ್ಯಪುಸ್ತಕಗಳು ಕೆಪಾಸಿಟರ್ ಎಂದೂ ಕರೆಯುವವು. ಅದರ ಮೈಮೇಲೆ ಇಂತಿಷ್ಟು ಮೈಕ್ರೋಫ್ಯಾರಡ್ ಎಂದು ಅಚ್ಚು ಹಾಕಿರುವದು.

ಆ ಫ್ಯಾರಡ್ ಎಂಬ ಶಬ್ದವು ಒಬ್ಬ ಮನುಷ್ಯನ ಹೆಸರಿನಿಂದ ಬಂದದ್ದು. ಕರೆಂಟು ಹೋದ ರಾತ್ರಿಗಳಲ್ಲಿ ನಮ್ಮ ವಿದ್ಯಾರ್ಥಿನಿಯರು ಕೇಳುವ ಒಂದು ಪ್ರಶ್ನೆಯುಂಟು: ಜನರೇಟರು ಹುಟ್ಟಿಸಿದ ವಿದ್ಯುತ್ತನ್ನು ಈ ಡಬ್ಬಿಗಳಲ್ಲಿ ತುಂಬಿಟ್ಟುಕೊಂಡು ಬೇಕಾದಾಗ ಏಕೆ ತೆಗೆದುಕೊಳ್ಳಬಾರದು? ಪ್ರಶ್ನೆಯು ಒಳ್ಳೆಯದು. ಜನರೇಟರಿಗೆ ಮೂಲವಾದ ತತ್ತ್ವವನ್ನು ಕಂಡುಹಿಡಿದವನೂ, ಕಂಡೆನ್ಸರಿನ ಧಾರಣಶಕ್ತಿಯ ರಹಸ್ಯವನ್ನು ಬಿಡಿಸಿದವನೂ ಒಬ್ಬನೇ ಆದದರಿಂದ, ಅವನ ಚರಿತ್ರೆಯನ್ನು ಹೇಳುವದೇ ಈ ಪ್ರಶ್ನೆಗೆ ಉತ್ತರ ಕೊಡುವ ಸುಲಭ ಮಾರ್ಗವೆಂದು ನಾವು ಬಗೆದಿದ್ದೇವೆ.

ಮೈಕೇಲ್ ಫ್ಯಾರಡೆಯು 1791ನೆಯ ಇಸವಿ ಸಪ್ಟೆಂಬರ ತಿಂಗಳ 22ನೆಯ ತಾರೀಖಿನಲ್ಲಿ ಲಂಡನ್ ಪಟ್ಟಣದ ಅಂಚಿನಲ್ಲಿದ್ದ ನ್ಯೂಯಿಂಗ್ಟನ್ ಎಂಬಲ್ಲಿ ಹುಟ್ಟಿದನು. ತಂದೆ ಜೇಮ್ಸನು ಕಮ್ಮಾರ. ಮೈಯಲ್ಲಿ ಯಾವಾಗಲೂ ಅಸ್ವಸ್ಥ. ತಾಯಿ ಮಾರ್ಗರೆಟಳು ಗಟ್ಟಿಗಿತ್ತಿ. ನಾಲ್ಕು ಮಕ್ಕಳಲ್ಲಿ ಇವನು ಮೂರನೆಯವನು. 1801ರಲ್ಲಿ ಧಾನ್ಯದ ಬೆಲೆ ವಿಪರೀತ ಏರಿದಾಗ ಈ ಹುಡುಗನ ಪಾಲಿಗೆ ವಾರಕ್ಕೆ ಒಂದೇ ರೊಟ್ಟಿಯ ಮುದ್ದೆಯು ಬರುತ್ತಿತ್ತಂತೆ. ಅದರಲ್ಲಿಯೇ ಏಳು ದಿನಗಳನ್ನು ಕಳೆಯಬೇಕಾಗಿತ್ತು. ಓದು, ಬರಹ, ಸ್ವಲ್ಪ ಲೆಕ್ಕ, ಇಷ್ಟೇ ಅವನಿಗೆ ಶಾಲೆಯಲ್ಲಿ ದೊರೆತದ್ದು. ಬೀಜಗಣಿತವೂ ಕಲನಶಾಸ್ತ್ರವೂ ಕೊನೆಯವರೆಗೆ ಅವನಿಗೆ ಒಲಿಯಲಿಲ್ಲ.

ಹದಿಮೂರನೆಯ ವಯಸ್ಸಿನಲ್ಲಿ, 1804ರಲ್ಲಿ, ಅವನು ಜಾರ್ಜ್ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಯಲ್ಲಿ ಸುದ್ದಿಪತ್ರಗಳನ್ನು ಮನೆಮನೆಗೆ ಮುಟ್ಟಿಸುವ ಆಳಾದನು. ಮರುವರುಷ ಅಲ್ಲಿಯೇ ಏಳು ವರುಷಗಳ ಕರಾರಿನ ಮೇಲೆ ಪುಸ್ತಕಗಳಿಗೆ ರಟ್ಟು ಕಟ್ಟುವ ಕಸಬನ್ನು ಕಲಿಯಹತ್ತಿದನು. ರಟ್ಟು ಕಟ್ಟುವವರು ಬಹು ಮಂದಿ. ಕಟ್ಟಿದ ಪುಸ್ತಕವನ್ನು ತೆರೆದು ಓದುವವರು ವಿರಳ. ಈ ಹುಡುಗನು ಓದಿದನು. ಅವನಿಗೆ ದಾರಿ ತೋರಿದ ಪುಸ್ತಕಗಳು ಮುಖ್ಯವಾಗಿ ಎರಡು. ಒಂದು ಬ್ರಿಟಾನಿಕಾ ವಿಶ್ವಕೋಶದಲ್ಲಿಯ ವಿದ್ಯುತ್ತಿನ ಲೇಖನ. ಇನ್ನೊಂದು ಜೇನ್ ಮಾರ್ಸೆಟ್ ಎಂಬ ಮಹಿಳೆಯು ರಸಾಯನಶಾಸ್ತ್ರವನ್ನು ಗುರುಶಿಷ್ಯೆಯರ ಸಂಭಾಷಣೆಯ ರೂಪದಲ್ಲಿ ತಿಳಿಸಿದ ಗ್ರಂಥ. ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ಆ ಗ್ರಂಥವೂ ಮುಖ್ಯವಾಗಿ ಹೆಣ್ಣುಮಕ್ಕಳಿಗೆಂದೇ ಬರೆದದ್ದು. ಕಮ್ಮಾರನ ಮಗನಿಗೆ ಅದೇ ಶಾಸ್ತ್ರದ ಹೆಬ್ಬಾಗಿಲಾಯಿತು. ತಾನು ದೊಡ್ಡವನಾದ ಮೇಲೂ ಫ್ಯಾರಡೆಯು ಆಕೆಯನ್ನು ತನ್ನ ಮೊದಲ ಗುರುವೆಂದು ಗೌರವಿಸುತ್ತ ತನ್ನ ಪ್ರಬಂಧಗಳನ್ನು ಆಕೆಗೆ ಕಳಿಸುತ್ತಿದ್ದನು.

ಓದಿದ್ದನ್ನು ಕೈಯಿಂದ ಮಾಡಿ ನೋಡದೆ ನಂಬಬಾರದೆಂಬದು ಅವನ ಹುಟ್ಟುಗುಣ. ಕೈಯಲ್ಲಿ ಉಳಿದ ಪುಡಿಗಾಸಿನಿಂದ ಗಾಜಿನ ಸೀಸೆಗಳನ್ನು ಕೊಂಡು, ತಿಕ್ಕಿ ವಿದ್ಯುತ್ತನ್ನು ಹುಟ್ಟಿಸುವ ಯಂತ್ರವನ್ನೂ ಅದನ್ನು ಹಿಡಿದಿಡುವ ಲೈಡನ್ ಜಾಡಿಯನ್ನೂ ತಾನೇ ರಚಿಸಿದನು. ಲೈಡನ್ ಜಾಡಿಯೆಂದರೆ ಇಂದಿನ ಕಂಡೆನ್ಸರುಗಳ ಮೂಲಪುರುಷ. ಗಾಜಿನ ಭರಣಿಗೆ ಒಳಗೂ ಹೊರಗೂ ಲೋಹದ ತಗಡನ್ನು ಅಂಟಿಸಿದರೆ ಅದು ಸಿದ್ಧವಾಗುವದು. ಎರಡು ತಗಡುಗಳಲ್ಲಿ ಒಂದಕ್ಕೊಂದು ವಿರುದ್ಧವಾದ ವಿದ್ಯುತ್ತು ಸೇರಿ, ನಡುವಿನ ಗಾಜನ್ನು ದಾಟಲಾರದೆ ಎದುರುಬದುರಾಗಿ ತಡೆದು ನಿಲ್ಲುವದು. 1745ರಲ್ಲಿ ಪೊಮೆರೇನಿಯದ ಫಾನ್ ಕ್ಲೈಸ್ಟನೂ, ಮರುವರುಷ ಹಾಲೆಂಡಿನ ಲೈಡನ್ ಪಟ್ಟಣದ ಮುಷೆನ್‌ಬ್ರೋಕನೂ ಬೇರೆಬೇರೆಯಾಗಿ ಇದನ್ನು ಕಂಡುಕೊಂಡರು. ಇಬ್ಬರಿಗೂ ಅದರ ಪರಿಚಯವಾದದ್ದು ಮೈ ನಡುಗಿಸುವ ಒಂದು ಹೊಡೆತದಿಂದಲೇ.

ರಾತ್ರಿ ನಡೆಯುತ್ತಿದ್ದ ಟೇಟಮ್ ಎಂಬವನ ವಿಜ್ಞಾನೋಪನ್ಯಾಸಗಳಿಗೆ ಒಂದು ಶಿಲಿಂಗ್ ಶುಲ್ಕವಿತ್ತು. ಕಮ್ಮಾರಿಕೆ ಮಾಡುತ್ತಿದ್ದ ಅಣ್ಣ ರಾಬರ್ಟನು ಅದನ್ನು ತಮ್ಮನಿಗಾಗಿ ಕೊಡುತ್ತಿದ್ದನು. 1812ರಲ್ಲಿ ಅಂಗಡಿಗೆ ಬರುತ್ತಿದ್ದ ಡಾನ್ಸ್ ಎಂಬ ಗೃಹಸ್ಥನು ರಾಯಲ್ ಇನ್‌ಸ್ಟಿಟ್ಯೂಶನ್ನಿನಲ್ಲಿ ನಡೆಯುವ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳಿಗೆ ಟಿಕೀಟು ಕೊಡಿಸಿದನು. ಫ್ಯಾರಡೆಯು ಕೇಳಿದ್ದನ್ನೆಲ್ಲ ಬರೆದು, ಚಿತ್ರಗಳನ್ನು ಕೂಡಿಸಿ, ತಾನೇ ರಟ್ಟು ಕಟ್ಟಿ, ಆ ವರುಷದ ಕೊನೆಯಲ್ಲಿ ಡೇವಿಗೆ ಕಳಿಸಿ ತನಗೊಂದು ಕೆಲಸ ಕೊಡಬೇಕೆಂದು ಬಿನ್ನವಿಸಿಕೊಂಡನು. 1813ನೆಯ ಮಾರ್ಚ 1ರಂದು ವಾರಕ್ಕೆ 25 ಶಿಲಿಂಗ್ ಸಂಬಳದ ಮೇಲೆ ಅವನು ಆ ಸಂಸ್ಥೆಯ ಪ್ರಯೋಗಶಾಲೆಯ ಸಹಾಯಕನಾದನು. ಮಾಳಿಗೆಯ ಮೇಲಿನ ಕೋಣೆ, ಒಲೆಗೆ ಕಲ್ಲಿದ್ದಲು, ದೀಪಕ್ಕೆ ಮೇಣಬತ್ತಿ, ಇವೂ ದೊರೆತವು.

ಅದೇ ವರುಷ ಡೇವಿಯು ಪತ್ನಿಸಹಿತನಾಗಿ ಯುರೋಪ ಖಂಡದ ಪ್ರವಾಸಕ್ಕೆ ಹೊರಟಾಗ ಇವನನ್ನೂ ಕರೆದುಕೊಂಡು ಹೋದನು. ಡೇವಿಯ ಹೆಂಡತಿಯು ಇವನನ್ನು ಮನೆಯಾಳಿನಂತೆ ನಡೆಸಿಕೊಂಡಳು. ಆ ಅವಮಾನವನ್ನು ನುಂಗಿಕೊಂಡದ್ದಕ್ಕೆ ಪ್ರತಿಫಲವೂ ಇತ್ತು: 1814ರಲ್ಲಿ ಮಿಲಾನಿನಲ್ಲಿ, ಬ್ಯಾಟರಿಯನ್ನು ಕಂಡುಹಿಡಿದ ವೃದ್ಧ ವೋಲ್ಟಾನ ದರ್ಶನವಾಯಿತು. 1821ನೆಯ ಜೂನ್ 12ರಂದು ಇವನು ಸಾರಾ ಬಾರ್ನಾರ್ಡ್ ಎಂಬ ಕನ್ಯೆಯನ್ನು ಮದುವೆಯಾದನು. ಇಬ್ಬರೂ ಸ್ಯಾಂಡಿಮನಿಯರೆಂಬ ಸಣ್ಣ ಕ್ರೈಸ್ತ ಪಂಗಡದವರು. ಮಕ್ಕಳಾಗಲಿಲ್ಲ, ಆದರೆ ದಾಂಪತ್ಯವು ನಲವತ್ತಾರು ವರುಷ ಅನ್ಯೋನ್ಯವಾಗಿ ನಡೆಯಿತು.

ಮದುವೆಯಾದ ವರುಷದಲ್ಲಿಯೇ, ಸಪ್ಟೆಂಬರದಲ್ಲಿ, ವಿದ್ಯುತ್ತು ಹರಿಯುವ ತಂತಿಯು ಅಯಸ್ಕಾಂತದ ಸುತ್ತಲೂ ತಾನೇ ತಿರುಗುವಂತೆ ಅವನು ಮಾಡಿ ತೋರಿಸಿದನು. ಇಂದಿನ ಎಲ್ಲ ಮೋಟಾರುಗಳ ಬೀಜವು ಅದು. ಆದರೆ ಆ ವಿಚಾರವು ವೊಲಾಸ್ಟನ್ ಎಂಬ ಹಿರಿಯ ವಿದ್ವಾಂಸನದೆಂದೂ, ಅವನ ಹೆಸರನ್ನು ಹೇಳದೆ ಇವನು ಪ್ರಕಟಿಸಿದನೆಂದೂ ಗುಸುಗುಸು ಎದ್ದಿತು. ಕೈಹಿಡಿದು ಮೇಲೆತ್ತಿದ ಡೇವಿಯೇ ಕೆಲವು ಕಾಲದ ಮೇಲೆ ರಾಯಲ್ ಸೊಸಾಯಿಟಿಗೆ ಇವನ ಆಯ್ಕೆಯನ್ನು ವಿರೋಧಿಸಿದನು. 1824ರಲ್ಲಿ ಆಯ್ಕೆಯಾಯಿತು, ವಿರುದ್ಧವಾಗಿ ಬಿದ್ದದ್ದು ಒಂದೇ ಮತ. ಫ್ಯಾರಡೆಯು ತನ್ನ ನಡತೆಯನ್ನು ಸಮಾಧಾನದಿಂದ ವಿವರಿಸಿದನು. ಡೇವಿಯ ಉಪಕಾರವನ್ನು ಮಾತ್ರ ಕೊನೆಯವರೆಗೂ ಮರೆಯಲಿಲ್ಲ.

ವಿದ್ಯುತ್ತಿನಿಂದ ಅಯಸ್ಕಾಂತಗುಣವು ಹುಟ್ಟುವದೆಂದು 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ಡನು ತೋರಿಸಿದ್ದನು. ಹಾಗಾದರೆ ಅಯಸ್ಕಾಂತದಿಂದ ವಿದ್ಯುತ್ತು ಏಕೆ ಹುಟ್ಟಬಾರದು? ಈ ಒಂದು ಪ್ರಶ್ನೆಯನ್ನು ಫ್ಯಾರಡೆಯು ಹತ್ತು ವರುಷ ಮನಸ್ಸಿನಲ್ಲಿ ಹೊತ್ತು ತಿರುಗಿದನು. 1831ನೆಯ ಅಗಸ್ಟ 29ರಂದು ಕಬ್ಬಿಣದ ಬಳೆಯೊಂದರ ಎರಡು ಬದಿಗೆ ಎರಡು ತಂತಿಗಳನ್ನು ಬೇರೆಬೇರೆಯಾಗಿ ಸುತ್ತಿ, ಒಂದರಲ್ಲಿ ಪ್ರವಾಹವನ್ನು ಬಿಟ್ಟಾಗಲೂ ನಿಲ್ಲಿಸಿದಾಗಲೂ ಇನ್ನೊಂದರ ಸೂಜಿಯು ಕ್ಷಣಮಾತ್ರ ಅಲುಗಾಡಿದ್ದನ್ನು ಕಂಡನು. ಪ್ರವಾಹವು ಸಮನಾಗಿ ಹರಿಯುತ್ತಿರುವಾಗ ಏನೂ ಇಲ್ಲ. ಬದಲಾಗುವಾಗ ಮಾತ್ರ ಫಲ. ಅಕ್ಟೋಬರ 28ರಂದು ದೊಡ್ಡದೊಂದು ಅಯಸ್ಕಾಂತದ ಧ್ರುವಗಳ ನಡುವೆ ತಾಮ್ರದ ಬಿಲ್ಲೆಯನ್ನು ತಿರುಗಿಸಿ, ತಡೆಯಿಲ್ಲದ ಪ್ರವಾಹವನ್ನು ಪಡೆದನು. ಜಗತ್ತಿನ ಮೊದಲನೆಯ ಜನರೇಟರು ಇದೇ.

ಅಯಸ್ಕಾಂತದ ಬಳಿ ತಾಮ್ರವು ಚಲಿಸಿದರೆ ವಿದ್ಯುತ್ತು ಹುಟ್ಟುವದಾದರೆ, ಭೂಮಿಯೂ ಒಂದು ಅಯಸ್ಕಾಂತವಾದ್ದರಿಂದ ಅದರ ಮೇಲೆ ಹರಿಯುವ ಹೊಳೆಯ ನೀರಿನಲ್ಲಿಯೂ ಹುಟ್ಟಬೇಕಲ್ಲವೇ ಎಂದು ಅವನು ತರ್ಕಿಸಿದನು. 1832ನೆಯ ಜನವರಿಯಲ್ಲಿ ಥೇಮ್ಸ್ ನದಿಯ ವಾಟರ್ಲೂ ಸೇತುವೆಯ ಮೇಲೆ 960 ಅಡಿ ತಾಮ್ರದ ತಂತಿಯನ್ನು ಹಾಸಿ, ಅದರ ಕೊನೆಗಳಿಂದ ಲೋಹದ ಹಲಗೆಗಳನ್ನು ನೀರಿಗೆ ಇಳಿಬಿಟ್ಟು, ಮೂರು ದಿನ ಕಾದು ನೋಡಿದನು. ಸೂಜಿಯು ಅಲುಗಿತು, ಆದರೆ ಬೇರೆ ಕಾರಣಗಳಿಂದಲೂ ಅಲುಗುತ್ತಿದ್ದುದರಿಂದ ಯಾವ ನಿರ್ಣಯವೂ ಸಿಕ್ಕಲಿಲ್ಲ. ಸಿಕ್ಕಲಿಲ್ಲವೆಂಬದನ್ನೂ ಅವನು ಮುಚ್ಚಿಡದೆ ಬರೆದು ಪ್ರಕಟಿಸಿದನು. ಮನೆಯ ಮುಂದೆ ಹೊಳೆಯನ್ನು ನೋಡುತ್ತ ಬೆಳೆದ ನಮ್ಮ ಮಕ್ಕಳಿಗೆ ಈ ಸಂಗತಿಯು ರುಚಿಸದಿರದು.

ಇಲ್ಲಿಗೆ ಜನರೇಟರಿನ ಕಥೆಯಾಯಿತು. ಅದರ ವಿದ್ಯುತ್ತನ್ನು ಜಾಡಿಯಲ್ಲಿ ತುಂಬಬಹುದೇ ಎಂದು ಕೇಳುವ ಮೊದಲು ಇನ್ನೊಂದು ಮಾತನ್ನು ತಿಳಿಯಬೇಕಾಗಿತ್ತು. ಗಾಜನ್ನು ತಿಕ್ಕಿದಾಗ ಬರುವ ವಿದ್ಯುತ್ತು, ವೋಲ್ಟಾನ ಬ್ಯಾಟರಿಯದು, ಅಯಸ್ಕಾಂತದಿಂದ ಹುಟ್ಟಿದ್ದು, ಶಾಖದಿಂದ ಹುಟ್ಟಿದ್ದು, ಕೆಲವು ಮೀನುಗಳ ಮೈಯಲ್ಲಿರುವದು, ಇವೆಲ್ಲ ಒಂದೇ ವಸ್ತುವೋ ಬೇರೆಬೇರೆಯೋ ಎಂದು ಆಗ ವಾದಗಳಿದ್ದವು. 1833ರಲ್ಲಿ ಫ್ಯಾರಡೆಯು ಪ್ರತಿಯೊಂದರ ಗುಣಗಳನ್ನೂ ಸಾಲಾಗಿ ಹೋಲಿಸಿ, ಎಲ್ಲವೂ ಒಂದೇ, ಮೊತ್ತದಲ್ಲಿಯೂ ಒತ್ತಡದಲ್ಲಿಯೂ ಮಾತ್ರ ಹೆಚ್ಚುಕಡಿಮೆ ಎಂದು ಸಿದ್ಧಪಡಿಸಿದನು.

ಇದಕ್ಕಾಗಿ ಅವನು ಮಾಡಿದ ಅಳತೆಯು ಸರಳತೆಯಲ್ಲಿ ಅಪೂರ್ವವಾದದ್ದು. ತಿಕ್ಕುವ ದೊಡ್ಡ ಯಂತ್ರವನ್ನು 30 ಸುತ್ತು ತಿರುಗಿಸಿ ಎಂಟು ಲೈಡನ್ ಜಾಡಿಗಳನ್ನು ತುಂಬಿದನು. ಆ ವಿದ್ಯುತ್ತನ್ನು ಒದ್ದೆ ದಾರದ ಮೂಲಕ ನಿಧಾನವಾಗಿ ಸೂಜಿಯ ಯಂತ್ರಕ್ಕೆ ಬಿಟ್ಟು ಸೂಜಿಯು ಎಷ್ಟು ಸರಿಯಿತೆಂಬದನ್ನು ಗುರುತಿಸಿಕೊಂಡನು. ಆ ಮೇಲೆ ಅದೇ 30 ಸುತ್ತಿನಿಂದ ಹದಿನೈದು ಜಾಡಿಗಳನ್ನು ತುಂಬಿ ಬಿಟ್ಟನು. ಜಾಡಿಗಳು ಹೆಚ್ಚಾದದ್ದರಿಂದ ಒತ್ತಡವು ತಗ್ಗಿತ್ತು. ಆದರೂ ಸೂಜಿಯು ಮೊದಲಿನಷ್ಟೇ ಸರಿಯಿತು. ಒಂದು ಕೊಡ ನೀರನ್ನು ಕಿರಿದಾದ ಪಾತ್ರೆಗೆ ಹಾಕಿದರೆ ಎತ್ತರಕ್ಕೆ ನಿಲ್ಲುವದು, ಅಗಲವಾದ ಪಾತ್ರೆಗೆ ಹಾಕಿದರೆ ತಗ್ಗಾಗಿ ನಿಲ್ಲುವದು, ನೀರು ಮಾತ್ರ ಅದೇ ಒಂದು ಕೊಡವಲ್ಲವೇ? ಅನಂತರ ಸತುವಿನದೂ ಪ್ಲಾಟಿನಮ್ಮಿನದೂ ಆದ ಎರಡು ಸಣ್ಣ ತಂತಿಗಳನ್ನು, ಒಂದೇ ಹನಿ ಆಮ್ಲ ಬೆರೆಸಿದ ನೀರಿನಲ್ಲಿ ಅದ್ದಿ ನೋಡಿದನು. ಸುಮಾರು ಮೂರು ಸೆಕೆಂಡುಗಳಲ್ಲಿ ಅವು ಕೊಟ್ಟ ವಿದ್ಯುತ್ತು, ಆ ದೊಡ್ಡ ಯಂತ್ರದ 30 ಸುತ್ತಿಗೆ ಸರಿಸಮವಾಯಿತು!

ಮರುವರುಷ ಈ ಲೆಕ್ಕವನ್ನೇ ಮುಂದುವರಿಸಿ ಅವನು ಕಂಡದ್ದು ಇನ್ನೂ ವಿಸ್ಮಯಕರವಾದದ್ದು. ಒಂದು ಗ್ರೇನ್ ನೀರನ್ನು, ಎಂದರೆ ಸುಮಾರು 65 ಮಿಲಿಗ್ರಾಂ ತೂಕದ ಒಂದು ದೊಡ್ಡ ಹನಿಯನ್ನು, ಅದರ ಎರಡು ಅನಿಲಗಳಾಗಿ ಒಡೆಯಲು ಬೇಕಾಗುವ ವಿದ್ಯುತ್ತಿನ ಮೊತ್ತವು ಅವನ ಜಾಡಿಗಳ ಸಮೂಹವನ್ನು 8,00,000 ಸಲ ತುಂಬಿ ಬರಿದು ಮಾಡಿದಷ್ಟು ಎಂದು ಅವನು ಅಂದಾಜು ಮಾಡಿದನು. ಜಾಡಿಯ ಹೊಡೆತಕ್ಕೆ ಮನುಷ್ಯನು ನೆಲಕ್ಕುರುಳುವನು. ಬ್ಯಾಟರಿಯ ತಂತಿಯನ್ನು ಮುಟ್ಟಿದರೆ ಏನೂ ತಿಳಿಯದು. ಆದರೂ ಮೊತ್ತದಲ್ಲಿ ಜಾಡಿಯು ಬಡವ, ಬ್ಯಾಟರಿಯು ಶ್ರೀಮಂತ. ಆರ್ಭಟವನ್ನು ನೋಡಿ ಸಂಪತ್ತನ್ನು ಅಳೆಯಬಾರದೆಂಬದು ಇದರಿಂದ ಸ್ಪಷ್ಟವಾಯಿತು.

ಹಾಗಾದರೆ ಜಾಡಿಯು ಹೆಚ್ಚು ಹಿಡಿಯುವಂತೆ ಮಾಡುವದು ಹೇಗೆ? 1837ರಲ್ಲಿ ಫ್ಯಾರಡೆಯು ಇದನ್ನು ಶೋಧಿಸಿದನು. ಹಿತ್ತಾಳೆಯ ಒಂದು ಗುಂಡನ್ನು ಇನ್ನೊಂದು ಪೊಳ್ಳು ಗುಂಡಿನೊಳಗೆ ತಾಗದಂತೆ ನಿಲ್ಲಿಸಿ, ಇಂಥ ಸಾಧನಗಳನ್ನು ಅಳತೆಯಲ್ಲಿ ಕೂದಲೆಳೆಯಷ್ಟೂ ಭೇದವಿಲ್ಲದಂತೆ ಎರಡು ಮಾಡಿಸಿದನು. ಒಂದರ ನಡುವೆ ಬರಿಯ ಗಾಳಿ. ಇನ್ನೊಂದರಲ್ಲಿ ಅರ್ಧದ ವರೆಗೆ ಶೆಲ್ಲಾಕು, ಎಂದರೆ ನಮ್ಮ ದೇಶದ ಗಿಡಗಳ ಮೇಲೆ ಹುಳುಗಳು ಕಟ್ಟುವ ಅರಗನ್ನು ಶುದ್ಧಿಮಾಡಿದ್ದು. ಒಂದನ್ನು ತುಂಬಿ ಇನ್ನೊಂದಕ್ಕೆ ತಾಗಿಸಿದರೆ ವಿದ್ಯುತ್ತು ಸರಿಪಾಲಾಗಬೇಕಾಗಿತ್ತು. ಆಗಲಿಲ್ಲ, ಅರಗು ಇದ್ದದ್ದು ಹೆಚ್ಚು ಹಿಡಿಯಿತು. ಪೂರ್ತಿ ಅರಗೇ ಇದ್ದರೆ ಗಾಳಿಯ ಸುಮಾರು ಎರಡರಷ್ಟು ಹಿಡಿಯುವದೆಂದು ಅವನು ಗುಣಿಸಿದನು. ಗಂಧಕವನ್ನೂ ಗಾಜನ್ನೂ ಹೀಗೆಯೇ ಪರೀಕ್ಷಿಸಿದನು. ಅಂದಿನ ವರೆಗೆ ನಡುವಿನ ವಸ್ತುವನ್ನು ಬರಿಯ ಗೋಡೆಯೆಂದು ಬಹು ಮಂದಿ ತಿಳಿದಿದ್ದರು. ಗೋಡೆಯಲ್ಲ, ಅದೇ ಕಣಜವೆಂದು ಫ್ಯಾರಡೆಯು ತೋರಿಸಿದನು. ಡೈಎಲೆಕ್ಟ್ರಿಕ್ ಎಂಬ ಹೆಸರು ಅದಕ್ಕೆ ಆಗಲೇ ಬಂದಿತು.

ಈಗ ನಮ್ಮ ವಿದ್ಯಾರ್ಥಿನಿಯರ ಪ್ರಶ್ನೆಗೆ ಬರೋಣ. ಜನರೇಟರಿನ ವಿದ್ಯುತ್ತನ್ನು ಕಂಡೆನ್ಸರಿನಲ್ಲಿ ತುಂಬಿಡಲು ಸಾಧ್ಯವುಂಟು. ಎರಡೂ ಒಂದೇ ವಿದ್ಯುತ್ತೆಂಬದನ್ನು ಮೇಲೆ ನೋಡಿದೆವು. ಮನೆಗೆ ಬರುವ ಪ್ರವಾಹವು ಸೆಕೆಂಡಿಗೆ 50 ಸಲ ಹಿಂದುಮುಂದಾಗಿ ಹರಿಯುವದರಿಂದ, ಅದನ್ನು ರೆಕ್ಟಿಫಾಯರಿನಿಂದ ಒಂದೇ ದಿಕ್ಕಿಗೆ ತಿರುಗಿಸಿಕೊಳ್ಳಬೇಕು, ಅಷ್ಟೇ. ಆದರೆ ಹಿಡಿಯುವ ಶಕ್ತಿಯೆಷ್ಟು? ಫ್ಯಾರಡ್ ಎಂಬ ಮಾನವು ಎಷ್ಟು ದೊಡ್ಡದೆಂದರೆ, ನಮ್ಮ ಭೂಗೋಲವನ್ನೇ ಒಂದು ಲೋಹದ ಗುಂಡೆಂದು ಎಣಿಸಿದರೂ ಅದರ ಧಾರಣಶಕ್ತಿಯು ಒಂದು ಫ್ಯಾರಡಿನ ಸಾವಿರದಲ್ಲೊಂದು ಪಾಲನ್ನೂ ಮುಟ್ಟದು. 1957ರಲ್ಲಿ ಅಮೇರಿಕೆಯಲ್ಲಿ ಇಂಗಾಲದ ಅಸಂಖ್ಯ ರಂಧ್ರಗಳನ್ನು ಉಪಯೋಗಿಸುವ ಹೊಸ ಬಗೆಯ ಕಂಡೆನ್ಸರಿಗೆ ಪೇಟೆಂಟು ದೊರೆಯಿತು. ಆ ವಂಶದ ಸೂಪರ್ ಕೆಪಾಸಿಟರುಗಳು ಇಂದು 3000 ಫ್ಯಾರಡಿನವೂ ಸಿಗುವವು; ತೂಕವು ಅರ್ಧ ಕಿಲೋದಷ್ಟು, ತಾಳುವ ಒತ್ತಡವು 2.7 ವೋಲ್ಟು. ಫ್ಯಾರಡುಗಳನ್ನು ವೋಲ್ಟಿನ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ಅದರಲ್ಲಿರುವ ಶಕ್ತಿಯು ಜೂಲುಗಳಲ್ಲಿ ಬರುವದು. ನಮ್ಮ ಲೆಕ್ಕಕ್ಕೆ ಅದು 10,935 ಜೂಲು. 9 ವ್ಯಾಟಿನ ದೀಪವನ್ನು ಹೆಚ್ಚೆಂದರೆ 20 ನಿಮಿಷ ಉರಿಸಬಹುದು. 5 ಅಶ್ವಶಕ್ತಿಯ ಪಂಪನ್ನು ಮೂರು ಸೆಕೆಂಡು ಮಾತ್ರ. ಮನೆಯ ಇನ್ವರ್ಟರಿಗೆ ಜೋಡಿಸುವ 12 ವೋಲ್ಟಿನ, 150 ಆಂಪಿಯರ್-ಅವರಿನ ಬ್ಯಾಟರಿಯು ಅಂಥ ಸುಮಾರು 600 ಡಬ್ಬಿಗಳಿಗೆ ಸಮ.

ಆದರೂ ಕಂಡೆನ್ಸರನ್ನು ಹೀಯಾಳಿಸಲಾಗದು. ಬ್ಯಾಟರಿಯು ತುಂಬಲು ಗಂಟೆಗಳು ಬೇಕು. ಇದು ಕ್ಷಣದಲ್ಲಿ ತುಂಬಿ ಕ್ಷಣದಲ್ಲಿ ಕೊಡುವದು, ಲಕ್ಷಗಟ್ಟಲೆ ಸಲ ಹಾಗೆ ಮಾಡಿದರೂ ಸವೆಯದು. ಗದಗ ಸೀಮೆಯ ಗುಡ್ಡಗಳ ಮೇಲೆ ಕಾಣುವಂಥ ಗಾಳಿಯಂತ್ರಗಳ ಕೆಲವು ಜಾತಿಗಳಲ್ಲಿ, ವಿದ್ಯುತ್ತು ಕಡಿದಾಗ ರೆಕ್ಕೆಗಳನ್ನು ಓರೆಮಾಡಿ ಯಂತ್ರವನ್ನು ಕಾಪಾಡುವ ಕೆಲಸವು ಇವುಗಳದ್ದೇ. ಪಂಪಿನ ಡಬ್ಬಿಯಾದರೋ ನಾಳೆಗೆಂದು ಕೂಡಿಡುವ ಕಣಜವಲ್ಲ. ಮೋಟಾರು ಮೊದಲು ತಿರುಗಲು ಬೇಕಾದ ತಳ್ಳನ್ನು ಒದಗಿಸಲಿಕ್ಕೂ, ತಂತಿಗಳ ಮೇಲಿನ ವ್ಯರ್ಥಭಾರವನ್ನು ಇಳಿಸಲಿಕ್ಕೂ ಇಟ್ಟದ್ದು. ತಾಯಿತಂದೆಗಳು ಒಂದು ಮಾತನ್ನು ಮಾತ್ರ ಮರೆಯಬಾರದು. ಸ್ವಿಚ್ಚು ಆರಿಸಿದ ಮೇಲೂ ಈ ಡಬ್ಬಿಯಲ್ಲಿ ವಿದ್ಯುತ್ತು ಉಳಿದಿರಬಹುದು. ಮುಷೆನ್‌ಬ್ರೋಕನು ಉಂಡ ಹೊಡೆತವನ್ನು ನಮ್ಮ ಮಕ್ಕಳು ಉಣ್ಣುವದು ಬೇಡ. ತಿಳಿದವರು ಬಂದು ಅದನ್ನು ಬರಿದು ಮಾಡುವ ತನಕ ಪೆಟ್ಟಿಗೆಯೊಳಗೆ ಯಾರೂ ಕೈಯಿಡಬಾರದು.

ಫ್ಯಾರಡೆಯ ಉತ್ತರಕಾಲವು ಕಷ್ಟದ್ದು. 1840ರ ಸುಮಾರಿಗೆ ಅತಿಶ್ರಮದಿಂದ ತಲೆತಿರುಗುವಿಕೆಯೂ ಮರೆವೂ ಅವನನ್ನು ಹಿಡಿದವು. ತಾನು ಮಾಡಿದ ಪ್ರಯೋಗವನ್ನೇ ಮರೆತು ತಿರುಗಿ ಮಾಡುವ ಸ್ಥಿತಿಯು ಬಂದಿತು. ಅವನಿಗೆ ಆಧಾರವಾದದ್ದು ತನ್ನ ದಿನಚರಿ: ಅದರ ಪರಿಚ್ಛೇದಗಳಿಗೆ ಅವನು ಕ್ರಮಸಂಖ್ಯೆ ಹಾಕುತ್ತ ಬಂದಿದ್ದನು, ಕೊನೆಗೆ ಅವು 16,000ವನ್ನು ಮೀರಿದವು. 1845ರಲ್ಲಿ ಮತ್ತೆ ಚೇತರಿಸಿಕೊಂಡು, ಅಯಸ್ಕಾಂತವು ಬೆಳಕಿನ ಮೇಲೆಯೂ ಪ್ರಭಾವ ಬೀರುವದೆಂದು ತೋರಿಸಿದನು. 1858ನೆಯ ಡಿಸೆಂಬರದಲ್ಲಿ ಸೌತ್ ಫೋರ್‌ಲ್ಯಾಂಡ್ ಎಂಬ ದೀಪಸ್ತಂಭದಲ್ಲಿ, ಅವನ ತತ್ತ್ವದ ಮೇಲೆ ಹೋಮ್ಸ್ ಎಂಬವನು ರಚಿಸಿದ ಯಂತ್ರದಿಂದ ವಿದ್ಯುದ್ದೀಪವು ಹೊತ್ತಿತು. ಆಗ 67 ವರುಷದ ಫ್ಯಾರಡೆಯು ದೀಪಸ್ತಂಭಗಳ ಮಂಡಲಿಯ ಸಲಹೆಗಾರನಾಗಿ ಅದನ್ನು ಪರೀಕ್ಷಿಸುವ ಭಾಗ್ಯವನ್ನು ಪಡೆದನು.

ಹಣವನ್ನು ತರುವ ಖಾಸಗಿ ಕೆಲಸಗಳನ್ನು ಅವನು ಶೋಧನೆಗಾಗಿ ಬಿಟ್ಟುಕೊಟ್ಟಿದ್ದನು. ರಾಯಲ್ ಸೊಸಾಯಿಟಿಯ ಅಧ್ಯಕ್ಷಪದವಿಯು ಎರಡು ಸಲ ಮನೆಬಾಗಿಲಿಗೆ ಬಂದಾಗ ಬೇಡವೆಂದನು. ಕ್ರಿಮಿಯ ಯುದ್ಧದಲ್ಲಿ ವಿಷವಾಯುವಿನ ಪ್ರಯೋಗದ ಮಾತು ಬಂದಾಗ ತಾನು ಅದರಲ್ಲಿ ಕೈಹಾಕಲಾರೆನೆಂದು ತಿಳಿಸಿದನು. ಬಾಲಕರಿಗಾಗಿ ಕ್ರಿಸ್ಮಸ್ ಕಾಲದಲ್ಲಿ ನಡೆಸುವ ಉಪನ್ಯಾಸಗಳನ್ನು ಮಾತ್ರ 19 ವರುಷ ಅತ್ಯಂತ ಪ್ರೀತಿಯಿಂದ ಮಾಡಿದನು. ರಾಣಿ ವಿಕ್ಟೋರಿಯಳು ಕೊಟ್ಟ ಹ್ಯಾಂಪ್ಟನ್ ಕೋರ್ಟಿನ ಮನೆಯಲ್ಲಿ 1867ನೆಯ ಅಗಸ್ಟ 25ರಂದು, ಕುರ್ಚಿಯಲ್ಲಿ ಕುಳಿತಂತೆಯೇ, ಅವನು ಶಾಂತನಾಗಿ ದೇಹವನ್ನಿಟ್ಟನು. ಲಂಡನ್ನಿನ ಹೈಗೇಟ್ ಸ್ಮಶಾನದಲ್ಲಿ ಆಡಂಬರವಿಲ್ಲದ ಒಂದು ಸಮಾಧಿಯುಂಟು. 1881ರಲ್ಲಿ ಪ್ಯಾರಿಸಿನಲ್ಲಿ ಕೂಡಿದ ವಿದ್ಯುತ್ ಶಾಸ್ತ್ರಜ್ಞರು ಧಾರಣಶಕ್ತಿಯ ಮಾನಕ್ಕೆ ಅವನ ಹೆಸರನ್ನು ಗೊತ್ತುಪಡಿಸಿದರು. 1902ರಲ್ಲಿ ಶಿವನಸಮುದ್ರದ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ಸುಮಾರು 92 ಮೈಲು ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದಾಗ, ಆ ತಾಮ್ರದ ಬಿಲ್ಲೆಯ ಫಲವು ನಮ್ಮ ಕನ್ನಡ ನಾಡಿಗೂ ಬಂದಂತಾಯಿತು.

ಜೇನ್ ಮಾರ್ಸೆಟಳು ತನ್ನ ಪುಸ್ತಕವನ್ನು ಬರೆಯುವಾಗ, ರಟ್ಟು ಕಟ್ಟುವ ಹುಡುಗನೊಬ್ಬನು ಅದನ್ನು ಓದುವನೆಂದು ಎಣಿಸಿರಲಿಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಮಂದಿ ಇಂದು ಶಿಕ್ಷಕಿಯರು, ಎಷ್ಟೋ ಮಂದಿ ತಾಯಂದಿರು. ಮಕ್ಕಳು ಕೇಳುವ ಪ್ರಶ್ನೆಯನ್ನು ತಳ್ಳಿಹಾಕದೆ, ತಿಳಿದಷ್ಟನ್ನು ಸರಿಯಾಗಿ ಹೇಳಿ, ಒಂದು ಪುಸ್ತಕವನ್ನು ಅವರ ಕೈಗೆ ಕೊಡುವದು ಅವರೆಲ್ಲರಿಂದಲೂ ಆಗುವ ಕೆಲಸ. ಅದರ ಫಲವು ಯಾರ ಮನೆಯಲ್ಲಿ ಯಾವಾಗ ಕಾಣುವದೆಂದು ಮೊದಲೇ ಹೇಳಲಾಗದು. ಆದರೂ ಬಿಡದೆ ಮಾಡತಕ್ಕದ್ದೆಂಬದೇ ನಮ್ಮ ವಿಜ್ಞಾಪನೆ.